ಸ್ನೈಪರ್ ಆಗುವ ಮುನ್ನ: ಆನ್‌ಲೈನ್ ಐಸ್ ಹಾಕಿ ಗೇಮ್‌ನಲ್ಲಿ ಕ್ಲಾಸ್ ಆಯ್ಕೆಯ ಲೆಕ್ಕ

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್) ಹೆಸರಿನಲ್ಲಿ ಇಎ ಸ್ಪೋರ್ಟ್ಸ್ ತರುವ ವಿಡಿಯೋ ಗೇಮ್‌ನ ಆನ್‌ಲೈನ್ ಲೀಗ್‌ಗೆ ಹೊಸದಾಗಿ ಬಂದವರ ಮುಂದೆ ಆಟ ಆರಂಭವಾಗುವ ಮೊದಲೇ ಒಂದು ಪರದೆ ತೆರೆದುಕೊಳ್ಳುತ್ತದೆ. ಸ್ನೈಪರ್, ಪ್ಲೇಮೇಕರ್, ಡ್ಯಾಂಗ್ಲರ್, ಪವರ್ ಫಾರ್ವರ್ಡ್, ಗ್ರೈಂಡರ್, ಟೂ-ವೇ ಫಾರ್ವರ್ಡ್, ಎನ್‌ಫೋರ್ಸರ್ ಎಂದು ಸಾಲಾಗಿ ಹೆಸರುಗಳು; ಇವೇ ಆಟಗಾರನ ಬಗೆಗಳು, ಎಂದರೆ ಕ್ಲಾಸ್‌ಗಳು. ಪ್ರತಿ ಹೆಸರಿನ ಪಕ್ಕದಲ್ಲಿ ವೇಗ, ಹೊಡೆತ, ಪಾಸ್, ರಕ್ಷಣೆ, ದೇಹಬಲಗಳನ್ನು ತೋರಿಸುವ ಅಂಕಿಗಳು. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳದೆ ಮಂಜುಗಡ್ಡೆಯ ಮೇಲೆ ಇಳಿಯುವಂತಿಲ್ಲ. ಹೊಸಬರಲ್ಲಿ ಹೆಚ್ಚಿನವರು ಹೆಸರಿನ ಗತ್ತಿಗೆ ಮರುಳಾಗಿ ಸ್ನೈಪರ್‌ನನ್ನೇ ಒತ್ತುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಆ ವಾರದ ಒಂದು ಪಂದ್ಯ ಈಗಲೂ ನೆನಪಿದೆ: ಪರಸ್ಪರ ಪರಿಚಯವಿಲ್ಲದ ಐವರು ಒಂದೇ ತಂಡದಲ್ಲಿ ಸೇರಿದ್ದೆವು, ಅವರಲ್ಲಿ ನಾಲ್ವರು ಸ್ನೈಪರ್‌ಗಳು. ಗುರಿಯಿಟ್ಟು ಹೊಡೆಯಬಲ್ಲವರು ನಾಲ್ವರಿದ್ದರೂ ಹೊಡೆಯುವುದಕ್ಕೆ ಪಕ್ ತಂದುಕೊಡುವವರು ಒಬ್ಬರೂ ಇರಲಿಲ್ಲ. ಎದುರಾಳಿಗಳು ಮೂಲೆಗೆ ತಳ್ಳಿದ ಪಕ್ಕಿಗಾಗಿ ನಾವು ಒಬ್ಬೊಬ್ಬರಾಗಿ ಹೋಗಿ, ಒಬ್ಬೊಬ್ಬರಾಗಿ ಗೋಡೆಗೆ ಅಪ್ಪಳಿಸಿಕೊಂಡು ಬಿದ್ದು, ಇಡೀ ಮೊದಲ ಅವಧಿಯಲ್ಲಿ ಬೆರಳೆಣಿಕೆಯ ಹೊಡೆತಗಳನ್ನಷ್ಟೇ ಹೊಡೆದೆವು.

ಇಲ್ಲಿ ಹಾಕಿ ಎಂದರೆ ಹುಲ್ಲಿನ ಮೇಲೆ ಹನ್ನೊಂದು ಮಂದಿ ಆಡುವ ಹಾಕಿಯಲ್ಲ, ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ಪ್ರತಿ ತಂಡದಲ್ಲಿ ಐವರು ಸ್ಕೇಟರ್‌ಗಳು ಮತ್ತು ಒಬ್ಬ ಗೋಲಿ (ಗೋಲ್‌ಕೀಪರ್) ಇರುತ್ತಾರೆ. ಐವರಲ್ಲಿ ಒಬ್ಬ ಸೆಂಟರ್, ಇಬ್ಬರು ವಿಂಗರ್‌ಗಳು, ಇಬ್ಬರು ಡಿಫೆನ್ಸ್‌ಮನ್‌ಗಳು. ಎನ್‌ಎಚ್‌ಎಲ್ ಅಂಗಣ 200 ಅಡಿ ಉದ್ದ, 85 ಅಡಿ ಅಗಲವಾಗಿದ್ದು ಸುತ್ತಲೂ ಗೋಡೆಯಿದೆ; ಆದ್ದರಿಂದ ಪಕ್ ಹೊರಗೆ ಹೋಗುವ ಬದಲು ಗೋಡೆಗೆ ತಾಗಿ ಮತ್ತೆ ಆಟಕ್ಕೆ ಮರಳುತ್ತದೆ. ಪಕ್ ಎನ್ನುವುದು 3 ಅಂಗುಲ ವ್ಯಾಸದ, 1 ಅಂಗುಲ ದಪ್ಪದ ರಬ್ಬರ್ ಬಿಲ್ಲೆ. ಪಕ್ ಹಿಡಿದವನಿಗೆ ಮೈಯಿಂದ ಡಿಕ್ಕಿ ಹೊಡೆಯುವುದು ನಿಯಮಬದ್ಧ. ಇಷ್ಟು ತಿಳಿದಿದ್ದರೆ ಕ್ಲಾಸ್‌ಗಳ ವಿಚಾರ ಅರ್ಧ ಅರ್ಥವಾದಂತೆ, ಏಕೆಂದರೆ ಪ್ರತಿಯೊಂದು ಕ್ಲಾಸ್ ಕೂಡ ಈ ಗೋಡೆ, ಈ ಡಿಕ್ಕಿ ಮತ್ತು ಈ ಇಕ್ಕಟ್ಟಿಗೆ ಕೊಟ್ಟ ಒಂದೊಂದು ಬಗೆಯ ಉತ್ತರ.

ಇಎ ಸ್ಪೋರ್ಟ್ಸ್ ಹಾಕಿ ಲೀಗ್ ಎಂಬ ಈ ಆನ್‌ಲೈನ್ ವ್ಯವಸ್ಥೆ 2008ರಲ್ಲಿ ಬಿಡುಗಡೆಯಾದ ಎನ್‌ಎಚ್‌ಎಲ್ 09ರ ಜೊತೆಗೆ ಬಂತು. ಒಬ್ಬನೇ ಇಡೀ ತಂಡವನ್ನು ನಡೆಸುವ ಬದಲು, ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ನಡೆಸುವುದು ಅದರ ಹೊಸತನವಾಗಿತ್ತು. ಆರಂಭದ ವರ್ಷಗಳಲ್ಲಿ ಹೆಚ್ಚು ಆಡಿದವರ ಆಟಗಾರ ಹೆಚ್ಚು ಬಲಿಷ್ಠನಾಗುತ್ತಿದ್ದ. ಆರು ತಿಂಗಳು ಆಡಿದವನ ಎದುರು ಆರು ದಿನ ಆಡಿದವನು ನಿಂತರೆ ಕೈಚಳಕಕ್ಕಿಂತ ಅಂಕಿಗಳೇ ಗೆಲ್ಲುತ್ತಿದ್ದವು. 2015ರ ಎನ್‌ಎಚ್‌ಎಲ್ 16ರಲ್ಲಿ ಈ ಪದ್ಧತಿಯನ್ನು ತೆಗೆದುಹಾಕಿ, ಎಲ್ಲರಿಗೂ ಸಮಾನವಾಗಿ ಲಭ್ಯವಿರುವ, ಅಂಕಿಗಳು ಮೊದಲೇ ನಿಗದಿಯಾದ ಕ್ಲಾಸ್‌ಗಳನ್ನು ತಂದರು. 2018ರ ಎನ್‌ಎಚ್‌ಎಲ್ 19ರಲ್ಲಿ ಆನ್‌ಲೈನ್ ವಿಧಾನಗಳೆಲ್ಲ ‘ವರ್ಲ್ಡ್ ಆಫ್ ಚೆಲ್’ ಎಂಬ ಒಂದೇ ಸೂರಿನಡಿ ಬಂದವು. ಎನ್‌ಎಚ್‌ಎಲ್ ಎಂಬ ಅಕ್ಷರಗಳನ್ನು ಅವಸರದಲ್ಲಿ ಉಚ್ಚರಿಸಿದಾಗ ಉಳಿಯುವ ಸದ್ದೇ ಈ ‘ಚೆಲ್’. ಕ್ಲಾಸನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯ ಬರಬರುತ್ತ ಹೆಚ್ಚಿದರೂ ಮೂಲ ತತ್ತ್ವ ಬದಲಾಗಲಿಲ್ಲ: ಒಂದು ಕಡೆ ಏರಿಸಿದ್ದಕ್ಕೆ ಇನ್ನೊಂದು ಕಡೆ ಇಳಿಸಿ ಬೆಲೆ ತೆರಲೇಬೇಕು.

ಈ ಕೊಡು-ಕೊಳ್ಳುವಿಕೆಯೇ ಇಡೀ ವಿಷಯದ ತಿರುಳು. ಪರದೆಯ ಮೇಲೆ ಎದ್ದು ಕಾಣುವುದು ಆಯಾ ಕ್ಲಾಸಿನ ಬಲ. ಆದರೆ ಪಂದ್ಯದುದ್ದಕ್ಕೂ ನಾವು ಹೊತ್ತು ತಿರುಗುವುದು ಅದರ ಕೊರತೆಯನ್ನು. ಅಂಗಣದಲ್ಲಿ ಹತ್ತು ಜನ ಸ್ಕೇಟರ್‌ಗಳಿದ್ದಾರೆ, ಇರುವುದು ಒಂದೇ ಪಕ್. ಎಲ್ಲರಿಗೂ ಸಮನಾಗಿ ಹಂಚಿದರೂ ಒಬ್ಬನ ಪಾಲಿಗೆ ಬರುವುದು ಆಟದ ಹತ್ತನೇ ಒಂದು ಭಾಗದಷ್ಟು ಹೊತ್ತು. ಪಾಸ್ ಗಾಳಿಯಲ್ಲಿರುವ, ಪಕ್ ಯಾರ ಹತೋಟಿಯಲ್ಲೂ ಇಲ್ಲದ ಕ್ಷಣಗಳನ್ನು ಕಳೆದರೆ ಅದೂ ಇಲ್ಲ. ಹೊಡೆತದ ಅಂಕಿ ಎಷ್ಟೇ ಮೇಲಿದ್ದರೂ ಅದು ಕೆಲಸಕ್ಕೆ ಬರುವುದು ಆ ಸಣ್ಣ ಪಾಲಿನಲ್ಲೂ ಹೊಡೆಯುವ ಒಂದು ಗಳಿಗೆಯಲ್ಲಿ ಮಾತ್ರ. ಉಳಿದ ಹೊತ್ತೆಲ್ಲ ನಾವು ಬೆನ್ನಟ್ಟುತ್ತಿರುತ್ತೇವೆ, ದಾರಿ ಮುಚ್ಚುತ್ತಿರುತ್ತೇವೆ, ಖಾಲಿ ಜಾಗ ಹುಡುಕುತ್ತಿರುತ್ತೇವೆ. ಹೀಗಾಗಿ ಕ್ಲಾಸ್ ಆರಿಸುವವರು ‘ಪಕ್ ನನ್ನ ಬಳಿ ಇದ್ದಾಗ ನಾನೇನು ಮಾಡಬಲ್ಲೆ’ ಎಂದು ಕೇಳಿಕೊಳ್ಳುವುದಕ್ಕಿಂತ ಮೊದಲು ‘ಪಕ್ ನನ್ನ ಬಳಿ ಇಲ್ಲದಾಗ ನಾನು ಯಾವ ಕೆಲಸ ಮಾಡುತ್ತೇನೆ, ಯಾವ ಕೊರತೆಯನ್ನು ಸಹಿಸಬಲ್ಲೆ’ ಎಂದು ಕೇಳಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಸ್ನೈಪರ್‌ನಿಂದಲೇ ಆರಂಭಿಸೋಣ. ಈ ಕ್ಲಾಸಿನ ಹೊಡೆತ ಬಿರುಸಾಗಿಯೂ ಕರಾರುವಾಕ್ಕಾಗಿಯೂ ಇರುತ್ತದೆ. ಪಾಸ್ ಸಾಧಾರಣ, ರಕ್ಷಣೆ ದುರ್ಬಲ, ಮೈಗೆ ಮೈ ತಾಗುವ ಕಾದಾಟದಲ್ಲಿ ಹಿಂದೆ. ಗೋಲಿನ ಬಾಯಿ 6 ಅಡಿ ಅಗಲ, 4 ಅಡಿ ಎತ್ತರ. ಅದರ ಬಹುಪಾಲನ್ನು ಗೋಲಿಯೇ ತುಂಬಿರುತ್ತಾನೆ. ಎದುರಿಗೆ ಸ್ಥಿರವಾಗಿ ನಿಂತ ಗೋಲಿಗೆ ದೂರದಿಂದ ನೇರವಾಗಿ ಹೊಡೆದರೆ ಅತ್ಯುತ್ತಮ ಸ್ನೈಪರ್‌ನ ಹೊಡೆತವೂ ಸಾಮಾನ್ಯವಾಗಿ ಉಳಿಯುವುದು ಅವನ ಕೈಯಲ್ಲೇ. ಗೋಲ್ ಬರುವುದು ಗೋಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರುತ್ತಿರುವಾಗ. ಬಲಬದಿಯಿಂದ ಎಡಬದಿಗೆ ಪಾಸ್ ಹರಿಯುತ್ತದೆ, ಗೋಲಿ ಅದರ ಹಿಂದೆಯೇ ಜಾರುತ್ತಾನೆ, ಅವನು ತಲುಪುವ ಮೊದಲೇ, ಪಕ್ಕನ್ನು ನಿಲ್ಲಿಸದೆ, ಬಂದ ವೇಗದಲ್ಲೇ ಹೊಡೆದುಬಿಡಬೇಕು. ಇದಕ್ಕೆ ಒನ್-ಟೈಮರ್ ಎನ್ನುತ್ತಾರೆ. ಸ್ನೈಪರ್ ಎಂಬ ಕ್ಲಾಸಿನ ನಿಜವಾದ ಬೆಲೆ ಇರುವುದು ಇಲ್ಲಿ. ಎಂದರೆ, ಆ ಅಡ್ಡ ಪಾಸನ್ನು ಕೊಡಬಲ್ಲ ಮತ್ತೊಬ್ಬ ತಂಡದಲ್ಲಿ ಇದ್ದಾಗ ಮಾತ್ರ.

ಇದರ ಜೊತೆಗೇ ಹೊಸಬರು ಗಮನಿಸದೆ ದಾಟಿಹೋಗುವ ಇನ್ನೊಂದು ಆಯ್ಕೆಯಿದೆ: ಆಟಗಾರ ಎಡಗಡೆಯಿಂದ ಹೊಡೆಯುವವನೋ ಬಲಗಡೆಯಿಂದ ಹೊಡೆಯುವವನೋ ಎಂಬುದು. ಎಡ ವಿಂಗ್‌ನಲ್ಲಿ ನಿಂತ ಬಲಗಡೆ ಹೊಡೆತಗಾರನ ಸ್ಟಿಕ್ಕಿನ ಅಲಗು ಅಂಗಣದ ನಡುಭಾಗದ ಕಡೆಗೆ ತೆರೆದಿರುತ್ತದೆ. ಅಡ್ಡ ಬಂದ ಪಾಸನ್ನು ಅವನು ಅಲ್ಲಿಂದಲೇ ಹೊಡೆಯಬಲ್ಲ. 2025ರ ಏಪ್ರಿಲ್‌ನಲ್ಲಿ ವೇಯ್ನ್ ಗ್ರೆಟ್ಸ್‌ಕಿಯ 894 ಗೋಲುಗಳ ಎನ್‌ಎಚ್‌ಎಲ್ ದಾಖಲೆಯನ್ನು ಮುರಿದ ಅಲೆಕ್ಸಾಂಡರ್ ಒವೆಚ್ಕಿನ್ ಬಲಗಡೆಯಿಂದ ಹೊಡೆಯುವ ಎಡ ವಿಂಗರ್. ಎಡಬದಿಯ ವೃತ್ತದಲ್ಲಿ ನಿಂತು ಅವರು ಒನ್-ಟೈಮರ್ ಹೊಡೆಯುತ್ತಾರೆಂಬುದು ಎದುರಾಳಿಗಳಿಗೆಲ್ಲ ವರ್ಷಗಳಿಂದ ಗೊತ್ತಿದ್ದರೂ ತಡೆಯುವುದು ಸುಲಭವಾಗಲಿಲ್ಲ. ಆದರೆ ಇದಕ್ಕೂ ಬೆಲೆಯಿದೆ. ಅದೇ ಆಟಗಾರ ತನ್ನ ವಲಯದಲ್ಲಿ ಎಡಗೋಡೆಯ ಪಕ್ಕ ನಿಂತು, ಗೋಡೆಗುಂಟ ಸುತ್ತಿ ಬರುವ ಪಕ್ಕನ್ನು ಹಿಡಿಯಬೇಕಾದಾಗ ಅಲಗು ತಪ್ಪು ಬದಿಯಲ್ಲಿರುತ್ತದೆ. ಹಿಂಗೈಯಿಂದ ಹಿಡಿಯಲು ಹೋಗಿ ತಡವರಿಸುತ್ತಾನೆ, ಅಷ್ಟರಲ್ಲಿ ಎದುರಾಳಿಯ ಡಿಫೆನ್ಸ್‌ಮನ್ ಮೈಮೇಲೆ ಬಂದಿರುತ್ತಾನೆ. ಗೋಲ್ ಹೊಡೆಯುವುದಕ್ಕೆ ಒಂದು ಕೈ, ಪಕ್ಕನ್ನು ಹೊರತರುವುದಕ್ಕೆ ಇನ್ನೊಂದು ಕೈ. ತಂಡದಲ್ಲಿ ಪಕ್ ಹೊರತರುವ ಕೆಲಸ ನಿಮ್ಮ ಹೆಗಲಿಗೇ ಬೀಳುವುದಾದರೆ ಎಡ ವಿಂಗ್‌ನಲ್ಲಿ ಎಡಗಡೆ ಹೊಡೆತಗಾರನಾಗಿರುವುದೇ ಲೇಸು.

ಪ್ಲೇಮೇಕರ್ ಸ್ನೈಪರ್‌ನ ಜೋಡಿ. ಅವನ ಪಾಸ್ ಚುರುಕಾಗಿಯೂ ನೇರವಾಗಿಯೂ ಹೋಗುತ್ತದೆ. ಹಿಂಗೈ ಪಾಸ್‌ಗಳು ಮತ್ತು ಎದುರಾಳಿಯ ಸ್ಟಿಕ್ಕಿನ ಮೇಲಿಂದ ಎತ್ತಿ ಕೊಡುವ ಸಾಸರ್ ಪಾಸ್‌ಗಳು ಗುರಿ ತಪ್ಪುವುದು ಕಡಿಮೆ. ಕೊರತೆಯೆಂದರೆ ಹೊಡೆತ ಸಪ್ಪೆ, ದೇಹ ಹಗುರ. ಹೆಸರಿನಲ್ಲಿ ಗತ್ತಿಲ್ಲದ ಕಾರಣ ಇದನ್ನು ಆರಿಸುವವರು ಕಡಿಮೆ. ಆದರೆ ಹಾಕಿಯ ಲೆಕ್ಕದಲ್ಲಿ ಪಾಸ್‌ಗೆ ಇರುವ ಮಾನವನ್ನು ಒಂದು ಅಂಕಿ ಹೇಳುತ್ತದೆ. ಎನ್‌ಎಚ್‌ಎಲ್‌ನಲ್ಲಿ ಗೋಲ್ ಹೊಡೆದರೆ ಒಂದು ಪಾಯಿಂಟ್, ಗೋಲ್ ಹೊಡೆಯಲು ನೆರವಾದ ಪಾಸ್‌ಗೂ ಒಂದು ಪಾಯಿಂಟ್. ಗ್ರೆಟ್ಸ್‌ಕಿ ನೆರವಾದದ್ದು 1,963 ಗೋಲುಗಳಿಗೆ. ಅವರು ಹೊಡೆದ ಗೋಲುಗಳನ್ನೆಲ್ಲ ಅಳಿಸಿಹಾಕಿದರೂ ಈ ನೆರವುಗಳಷ್ಟರಿಂದಲೇ ಲೀಗ್‌ನ ಇತಿಹಾಸದಲ್ಲಿ ಅತಿ ಹೆಚ್ಚು ಪಾಯಿಂಟ್‌ಗಳ ಪಟ್ಟಿಯಲ್ಲಿ ಅವರೇ ಮೊದಲಿಗರಾಗಿ ಉಳಿಯುತ್ತಾರೆ. ಅವರು ಗೋಲಿನ ಹಿಂಬದಿಯಲ್ಲಿ ನಿಂತು ಪಾಸ್ ಕೊಡುತ್ತಿದ್ದುದರಿಂದ ಆ ಜಾಗಕ್ಕೆ ಗ್ರೆಟ್ಸ್‌ಕಿಯ ‘ಆಫೀಸ್’ ಎಂಬ ಹೆಸರೇ ಬಿತ್ತು. ಗೇಮ್‌ನಲ್ಲೂ ಅದು ಪ್ಲೇಮೇಕರ್‌ಗೆ ಹೇಳಿಮಾಡಿಸಿದ ಜಾಗ: ಗೋಲಿ ಹಿಂದಿರುಗಿ ನೋಡಬೇಕಾಗುತ್ತದೆ, ರಕ್ಷಕರು ಪಕ್ಕನ್ನು ನೋಡಲೋ ತಮ್ಮ ಪಾಲಿನ ಎದುರಾಳಿಯನ್ನು ನೋಡಲೋ ತಿಳಿಯದೆ ಗಲಿಬಿಲಿಗೊಳ್ಳುತ್ತಾರೆ.

ಡ್ಯಾಂಗ್ಲರ್ ವಿಚಾರದಲ್ಲಿ ನನಗೆ ಸ್ವಲ್ಪ ತಕರಾರಿದೆ. ಕಂಟ್ರೋಲರ್‌ನ ಬಲಬದಿಯ ಸ್ಟಿಕ್ಕನ್ನು ಅತ್ತಿತ್ತ ಆಡಿಸಿ ಪಕ್ಕನ್ನು ಕುಣಿಸುವುದು ಈ ಸರಣಿಯ ಅತ್ಯಂತ ಸೊಗಸಾದ ಕೌಶಲ. ಎನ್‌ಎಚ್‌ಎಲ್ 07ರಲ್ಲಿ ಸ್ಕಿಲ್ ಸ್ಟಿಕ್ ಎಂಬ ಹೆಸರಿನಲ್ಲಿ ಬಂದ ಈ ನಿಯಂತ್ರಣವೇ ಗೇಮ್‌ನ ಸ್ವರೂಪವನ್ನು ಬದಲಿಸಿತು. ಸಣ್ಣ ದೇಹದ, ಹಗುರವಾದ, ಚಕ್ಕನೆ ತಿರುಗಬಲ್ಲ ಡ್ಯಾಂಗ್ಲರ್ ಇದಕ್ಕೆಂದೇ ಮಾಡಿದ ಕ್ಲಾಸ್. ಆದರೆ ಅವನನ್ನು ಎದುರಾಳಿಯ ವಲಯ ಆರಂಭವಾಗುವ ನೀಲಿಗೆರೆಯ ಬಳಿ ಒಮ್ಮೆ ಗಮನಿಸಿ ನೋಡಬೇಕು. ಪಕ್ ಆ ಗೆರೆಯನ್ನು ದಾಟುವ ಮೊದಲು ತಂಡದ ಬೇರೆ ಯಾರೂ ದಾಟುವಂತಿಲ್ಲ, ದಾಟಿದರೆ ಆಫ್‌ಸೈಡ್. ಡ್ಯಾಂಗ್ಲರ್ ಗೆರೆಯ ಹತ್ತಿರ ಬಂದು, ನೇರ ಒಳನುಗ್ಗುವ ಬದಲು, ಎದುರಿನ ಡಿಫೆನ್ಸ್‌ಮನ್‌ನನ್ನು ಮರುಳು ಮಾಡಲೆಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗುತ್ತಾನೆ. ಅವನ ಇಬ್ಬದಿಯಲ್ಲಿ ಪೂರ್ಣ ವೇಗದಲ್ಲಿ ಬರುತ್ತಿದ್ದ ವಿಂಗರ್‌ಗಳು ಗೆರೆಯ ಮೇಲೆ ಬ್ರೇಕ್ ಹಾಕಬೇಕಾಗುತ್ತದೆ, ಹಾಕದಿದ್ದರೆ ಸೀಟಿ. ಡ್ಯಾಂಗ್ಲರ್ ಒಬ್ಬನನ್ನು ದಾಟಿದ ಹೊತ್ತಿಗೆ ಅವನ ಸಂಗಡಿಗರು ನಿಂತಲ್ಲೇ ನಿಂತಿರುತ್ತಾರೆ, ಎದುರಾಳಿಯ ಮೂವರು ಹಿಂದಿನಿಂದ ಓಡಿ ಬಂದು ಸೇರಿರುತ್ತಾರೆ. ಒಬ್ಬನನ್ನು ವಂಚಿಸಿ ಮೂವರ ನಡುವೆ ಸಿಕ್ಕಿಕೊಂಡಂತೆ. ಡ್ಯಾಂಗ್ಲರ್ ಆಗಬಾರದೆಂದು ನಾನು ಹೇಳುತ್ತಿಲ್ಲ. ಆ ಕುಣಿತವನ್ನು ಗೆರೆಯ ಒಳಗೆ ಹೋದ ಮೇಲೆ, ಗೋಲಿಯ ಎದುರು ಮಾಡುವ ಸಂಯಮ ಇದ್ದವರಿಗೆ ಆ ಕ್ಲಾಸ್ ಒಲಿಯುತ್ತದೆ.

ಪವರ್ ಫಾರ್ವರ್ಡ್ ದೊಡ್ಡ ಮೈಯವನು, ಡಿಕ್ಕಿಗೆ ಅಲುಗದವನು. ಗೋಲಿನ ಬಾಯಲ್ಲಿ ನಿಂತು ಗೋಲಿಯ ಕಣ್ಣಿಗೆ ಅಡ್ಡವಾಗುವುದು, ಗೋಲಿ ತಡೆದು ಬಿಟ್ಟ ಪಕ್ಕನ್ನು ಮತ್ತೆ ಒಳತಳ್ಳುವುದು ಅವನ ಕಸುಬು. ತಿರುಗುವುದಕ್ಕೂ ವೇಗ ಹಿಡಿಯುವುದಕ್ಕೂ ಅವನಿಗೆ ಹೊತ್ತು ಬೇಕು. ಎನ್‌ಫೋರ್ಸರ್ ಅದಕ್ಕಿಂತಲೂ ಭಾರ; ಡಿಕ್ಕಿ ಮತ್ತು ಹೊಡೆದಾಟ ಅವನ ಬಂಡವಾಳ. ಹೊಡೆದಾಟಕ್ಕೆ 5 ನಿಮಿಷದ ಶಿಕ್ಷೆ ಇರುವುದರಿಂದ, ಪಂದ್ಯ ಗೆಲ್ಲುವ ದೃಷ್ಟಿಯಿಂದ ಇದರಷ್ಟು ನಿರುಪಯುಕ್ತವಾದ ಕ್ಲಾಸ್ ಮತ್ತೊಂದಿಲ್ಲವೆಂದೇ ನನಗನ್ನಿಸುತ್ತದೆ. ಗೆಳೆಯರೊಂದಿಗೆ ನಗಲು ಮಾತ್ರ ಅಡ್ಡಿಯಿಲ್ಲ.

ಇನ್ನು ಗ್ರೈಂಡರ್ ಮತ್ತು ಟೂ-ವೇ ಫಾರ್ವರ್ಡ್. ಇವೆರಡನ್ನೂ ಜನ ಕಡೆಗಣಿಸುವುದು ಅವುಗಳ ಅಂಕಿಗಳಲ್ಲಿ ಎದ್ದು ಕಾಣುವಂಥದ್ದು ಏನೂ ಇಲ್ಲದಿರುವುದರಿಂದ. ಗ್ರೈಂಡರ್ ಮೂಲೆಗಳಲ್ಲಿ ಪಕ್ಕಿಗಾಗಿ ಕಾದಾಡುವವನು. ಸ್ಟಿಕ್ಕಿನಿಂದ ಕಸಿಯುವುದು, ಡಿಕ್ಕಿ ಹೊಡೆದು ಬಿಡಿಸುವುದು ಅವನಿಗೆ ಸಲೀಸು, ಹೊಡೆತ ಮಾತ್ರ ಒರಟು. ಟೂ-ವೇ ಫಾರ್ವರ್ಡ್ ಎಲ್ಲದರಲ್ಲೂ ಪರವಾಗಿಲ್ಲ ಎನ್ನುವಷ್ಟು, ಯಾವುದರಲ್ಲೂ ಅತ್ಯುತ್ತಮನಲ್ಲ. ರಕ್ಷಣೆಯಲ್ಲಿ ಮತ್ತು ಫೇಸ್-ಆಫ್‌ನಲ್ಲಿ ಮಾತ್ರ ಒಂದು ಕೈ ಮೇಲು. ನಿಜವಾದ ಲೀಗ್‌ನಲ್ಲಿ ಇಂಥವರಿಗಾಗಿಯೇ ಸೆಲ್ಕೆ ಟ್ರೋಫಿ ಎಂಬ ಪ್ರಶಸ್ತಿಯಿದ್ದು, ಬಾಸ್ಟನ್ ಬ್ರೂಯಿನ್ಸ್‌ನ ಸೆಂಟರ್ ಆಗಿದ್ದ ಪ್ಯಾಟ್ರಿಸ್ ಬರ್ಜರಾನ್ ಅದನ್ನು 6 ಬಾರಿ ಗೆದ್ದರು. ಹೊಸಬರಿಗೆ ನಾನು ಮೊದಲು ಸೂಚಿಸುವುದು ಈ ಕ್ಲಾಸನ್ನೇ, ಅದರಲ್ಲೂ ಸೆಂಟರ್ ಜಾಗದಲ್ಲಿ. ಅದು ಎಲ್ಲರಿಗಿಂತ ಬಲಶಾಲಿ ಎಂಬ ಕಾರಣಕ್ಕಲ್ಲ, ತಪ್ಪು ಯಾರದೆಂದು ಅದು ಮರೆಮಾಚುವುದಿಲ್ಲ ಎಂಬ ಕಾರಣಕ್ಕೆ. ಸ್ನೈಪರ್‌ನಾಗಿ ಪಕ್ ಕಳೆದುಕೊಂಡರೆ ಕ್ಲಾಸಿನ ಮೇಲೆ ದೂರು ಹಾಕಬಹುದು. ಟೂ-ವೇ ಆಟಗಾರನಾಗಿ ಕಳೆದುಕೊಂಡರೆ ನಾವು ನಿಂತ ಜಾಗವೇ ತಪ್ಪಿತ್ತೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಫೇಸ್-ಆಫ್ ಎಂದೆನಲ್ಲ, ಅದರ ತೂಕವನ್ನು ಹೊಸಬರು ಅರಿಯುವುದಿಲ್ಲ. ಆಟ ನಿಂತು ಮತ್ತೆ ಆರಂಭವಾಗುವಾಗಲೆಲ್ಲ ಎರಡೂ ತಂಡಗಳ ಸೆಂಟರ್‌ಗಳು ಎದುರುಬದುರು ಬಾಗಿ ನಿಲ್ಲುತ್ತಾರೆ, ಪಂದ್ಯದ ಅಧಿಕಾರಿ ನಡುವೆ ಪಕ್ ಬೀಳಿಸುತ್ತಾನೆ. ನಮ್ಮ ಗೋಲಿನ ಬಲಬದಿಯ ವೃತ್ತದಲ್ಲಿ ಇದು ನಡೆಯುತ್ತಿದೆ ಎಂದುಕೊಳ್ಳೋಣ. ಪಕ್ ಬಿದ್ದ ಕ್ಷಣದಲ್ಲಿ ನಮ್ಮ ಸೆಂಟರ್ ಸೋತರೆ ಅದು ನೇರವಾಗಿ ಹಿಂದೆ, ನೀಲಿಗೆರೆಯ ಮೇಲೆ ನಿಂತ ಎದುರಾಳಿಯ ಡಿಫೆನ್ಸ್‌ಮನ್ ಕಡೆಗೆ ಜಾರುತ್ತದೆ. ಅವನು ಕೋಲೆತ್ತಿ ಹೊಡೆದ ಪಕ್ ನಮ್ಮ ಗೋಲಿಯ ಮುಂದಿನ ಕಾಲುಗಳ ಗುಂಪಿನೊಳಗೆ ನುಗ್ಗುತ್ತದೆ. ಒಬ್ಬರೂ ಒಂದು ಹೆಜ್ಜೆ ಸ್ಕೇಟ್ ಮಾಡುವ ಮೊದಲೇ ಗೋಲಾಗಿಬಿಟ್ಟಿರುತ್ತದೆ. ಸೆಂಟರ್ ಜಾಗಕ್ಕೆ ಫೇಸ್-ಆಫ್ ಅಂಕಿ ತೀರ ಕಡಿಮೆಯಿರುವ ಕ್ಲಾಸನ್ನು ತಂದವರು ಪ್ರತಿ ಸೀಟಿಯ ನಂತರವೂ ಈ ಅಪಾಯವನ್ನು ತಂಡದ ಮೇಲೆ ಹೊರಿಸುತ್ತಾರೆ. ಅದೇ ಕ್ಲಾಸ್ ವಿಂಗ್‌ನಲ್ಲಿದ್ದರೆ ಆ ಕೊರತೆ ಯಾರಿಗೂ ತಟ್ಟುವುದಿಲ್ಲ. ಕೊರತೆಯನ್ನು ಕೆಲಸವಿಲ್ಲದ ಜಾಗದಲ್ಲಿ ಅಡಗಿಸುವುದು ಎಂದರೆ ಇದೇ.

ಡಿಫೆನ್ಸ್‌ನಲ್ಲೂ ದಾಳಿಕಾರ, ರಕ್ಷಕ, ಎರಡೂ ಬದಿಯವನು ಎಂಬ ಪಂಗಡಗಳಿವೆ. ಡಿಫೆನ್ಸ್‌ಮನ್ ಆಗಿದ್ದುಕೊಂಡೇ ಲೀಗ್‌ನ ಪಾಯಿಂಟ್ ಪಟ್ಟಿಯಲ್ಲಿ ಎರಡು ಬಾರಿ ಮೊದಲಿಗರಾದ ಬಾಬಿ ಆರ್‌ರ ನೆರಳಿನಲ್ಲಿ ಹಲವರು ದಾಳಿಕಾರ ಕ್ಲಾಸನ್ನು ಆರಿಸಿಕೊಳ್ಳುತ್ತಾರೆ. ಆದರೆ ಆ ಸಾಧನೆಯನ್ನು ಬೇರಾವ ಡಿಫೆನ್ಸ್‌ಮನ್ನೂ ಮಾಡಿಲ್ಲ ಎಂಬುದನ್ನು ಮರೆಯುತ್ತಾರೆ. ಇಲ್ಲಿ ನಿಯಮ ಸರಳ: ಇಬ್ಬರಲ್ಲಿ ಒಬ್ಬ ಮುಂದೆ ಹೋಗುವವನಾದರೆ ಇನ್ನೊಬ್ಬ ಹಿಂದೆ ಉಳಿಯುವವನಾಗಿರಲೇಬೇಕು. ಇಬ್ಬರೂ ದಾಳಿಕಾರರಾದರೆ ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದಂತೆಯೂ ಅಲ್ಲ, ಎರಡೂ ಏರಿಗೇ ಎಳೆದು ಬಂಡಿಯನ್ನು ನಡುನೀರಿನಲ್ಲಿ ಬಿಟ್ಟಂತೆ. ಒಂದು ಪಾಸ್ ಎದುರಾಳಿಗೆ ಸಿಕ್ಕರೆ ಸಾಕು, ಗೋಲಿ ಒಬ್ಬಂಟಿ. ಗೋಲಿಯ ಕ್ಲಾಸ್‌ಗಳಲ್ಲಿ ವ್ಯತ್ಯಾಸ ಇಷ್ಟು ತೀವ್ರವಲ್ಲ: ಮೊಣಕಾಲೂರಿ ಕಾಲು ಚಾಚಿ ಕೆಳಭಾಗವನ್ನು ಮುಚ್ಚುವ ಬಟರ್‌ಫ್ಲೈ, ಸನ್ನಿವೇಶಕ್ಕೆ ತಕ್ಕಂತೆ ಬದಲಾಗುವ ಹೈಬ್ರಿಡ್ ಇತ್ಯಾದಿ. ಗೋಲಿಯಾಗುವವರು ಶೈಲಿಗಿಂತ ಕೋನಗಳನ್ನು ಕಲಿಯುವುದಕ್ಕೆ ಹೆಚ್ಚು ಹೊತ್ತು ಕೊಡಬೇಕು.

ಕ್ಲಾಸಿನಷ್ಟೇ ಮುಖ್ಯವಾದದ್ದು ಎತ್ತರ ಮತ್ತು ತೂಕ. ಎತ್ತರ ಹೆಚ್ಚಿಸಿದಂತೆ ಕೈ ನಿಲುಕು ಹೆಚ್ಚುತ್ತದೆ, ದೂರದಿಂದಲೇ ಸ್ಟಿಕ್ ಚಾಚಿ ಪಕ್ ತಟ್ಟಬಹುದು. ಪ್ರತಿಯಾಗಿ ವೇಗ ಹಿಡಿಯುವುದು ಮತ್ತು ತಿರುಗುವುದು ನಿಧಾನವಾಗುತ್ತದೆ. ತೂಕ ಇಳಿಸಿದರೆ ಚುರುಕು, ಏರಿಸಿದರೆ ಡಿಕ್ಕಿಯಲ್ಲಿ ಗೆಲುವು. ಎನ್‌ಎಚ್‌ಎಲ್ ಕಂಡ ಅತಿ ಎತ್ತರದ ಆಟಗಾರರಲ್ಲೊಬ್ಬನಾದ 6 ಅಡಿ 9 ಅಂಗುಲದ ಜ್ಡೆನೊ ಖಾರಾ ಡಿಫೆನ್ಸ್‌ಮನ್ ಆಗಿದ್ದುದು ಕಾಕತಾಳೀಯವಲ್ಲ: ಆ ಜಾಗದಲ್ಲಿ ಎದುರಾಳಿ ತಾನಾಗಿಯೇ ಹತ್ತಿರ ಬರುತ್ತಾನೆ, ಅವನ ಹಿಂದೆ ಓಡುವುದಕ್ಕಿಂತ ಅವನ ದಾರಿಯನ್ನು ಮುಚ್ಚುವ ಕೆಲಸವೇ ಹೆಚ್ಚು, ಅದಕ್ಕೆ ಉದ್ದನೆಯ ಕೈ ಬೇಕು. ಇಬ್ಬರು ದಾಳಿಕಾರರು ನಿಮ್ಮೊಬ್ಬನ ಮೇಲೆ ಏರಿ ಬರುವ ಸನ್ನಿವೇಶವನ್ನು ಊಹಿಸಿಕೊಳ್ಳಿ. ಹಿಮ್ಮುಖವಾಗಿ ಸ್ಕೇಟ್ ಮಾಡುತ್ತ, ಪಕ್ ಹಿಡಿದವನನ್ನು ಗೋಲಿಯ ಪಾಲಿಗೆ ಬಿಟ್ಟು, ಇಬ್ಬರ ನಡುವಿನ ಪಾಸ್‌ನ ದಾರಿಯಲ್ಲಿ ಸ್ಟಿಕ್ ಚಾಚಿಕೊಂಡು ಹೋಗುತ್ತೀರಿ. ಕುಳ್ಳ ಆಟಗಾರನ ಸ್ಟಿಕ್ಕಿನ ತುದಿಯಾಚೆ ಜಾರಿಹೋಗುವ ಪಾಸ್, ಉದ್ದನೆಯವನ ಸ್ಟಿಕ್ಕಿಗೆ ತಾಗಿ ಗೋಡೆಗೆ ಹೋಗುತ್ತದೆ. ಅದೇ ಉದ್ದದ ಮೋಹದಲ್ಲಿ ಎದುರಾಳಿಯ ಕಾಲುಗಳ ಮೂಲಕ ಪಕ್ಕಿಗೆ ಕೈ ಹಾಕಿದರೆ ಮಾತ್ರ ಅವನು ಮುಗ್ಗರಿಸುತ್ತಾನೆ, ನೀವು 2 ನಿಮಿಷ ಶಿಕ್ಷೆಯ ಪೆಟ್ಟಿಗೆಯಲ್ಲಿ ಕುಳಿತಿರುತ್ತೀರಿ, ತಂಡ ನಾಲ್ವರಿಂದಲೇ ಐವರನ್ನು ಎದುರಿಸುತ್ತಿರುತ್ತದೆ.

2021ರ ಎನ್‌ಎಚ್‌ಎಲ್ 22ರಿಂದ ಎಕ್ಸ್-ಫ್ಯಾಕ್ಟರ್ ಎಂಬ ವಿಶೇಷ ಸಾಮರ್ಥ್ಯಗಳು ಸೇರಿಕೊಂಡವು. ಆ ಆವೃತ್ತಿಯಲ್ಲಿ ಆನ್‌ಲೈನ್ ಆಟಗಾರನಿಗೆ ‘ಜೋನ್’ ದರ್ಜೆಯ ಒಂದು ದೊಡ್ಡ ಸಾಮರ್ಥ್ಯವನ್ನೂ ಅದಕ್ಕಿಂತ ಕೆಳಗಿನ ‘ಸೂಪರ್‌ಸ್ಟಾರ್’ ದರ್ಜೆಯ ಎರಡನ್ನೂ ಕೊಡಬಹುದಿತ್ತು: ಒನ್-ಟೈಮರ್ ಬಿರುಸಾಗಿಸುವ ‘ಒನ್ ಟೀ’, ಪಾಸ್‌ಗೆ ಖಚಿತತೆ ತರುವ ‘ಟೇಪ್ ಟು ಟೇಪ್’, ಫೇಸ್-ಆಫ್‌ಗೆ ‘ಕ್ವಿಕ್ ಡ್ರಾ’, ಡಿಕ್ಕಿಗೆ ‘ಟ್ರಕ್ಯುಲೆನ್ಸ್’ ಹೀಗೆ. ಮುಂದಿನ ಆವೃತ್ತಿಗಳಲ್ಲಿ ಇವುಗಳ ಹೆಸರು, ಬಲಗಳು ಬದಲಾಗುತ್ತ ಬಂದಿರುವುದರಿಂದ ಬಾಯಿಪಾಠ ಮಾಡುವುದರಲ್ಲಿ ಅರ್ಥವಿಲ್ಲ. ಆರಿಸುವ ರೀತಿಯಷ್ಟನ್ನು ತಿಳಿದಿದ್ದರೆ ಸಾಕು. ಇರುವ ಬಲವನ್ನೇ ಇನ್ನಷ್ಟು ಹಿಗ್ಗಿಸುವುದು ಒಂದು ದಾರಿ, ಕೊರತೆಗೆ ತೇಪೆ ಹಾಕುವುದು ಇನ್ನೊಂದು. ದೊಡ್ಡ ಸಾಮರ್ಥ್ಯವನ್ನು ಬಲಕ್ಕೂ, ಸಣ್ಣವುಗಳಲ್ಲಿ ಒಂದನ್ನಾದರೂ ಕೊರತೆಗೂ ಮೀಸಲಿಡುವುದು ನನ್ನ ರೂಢಿ. ಮೂರನ್ನೂ ಹೊಡೆತಕ್ಕೇ ಸುರಿದ ಸ್ನೈಪರ್‌ಗಳನ್ನು ತಡೆಯುವುದು ಕಷ್ಟವಲ್ಲ. ಅವರಿಗೆ ಪಕ್ ಸಿಗದಂತೆ ನೋಡಿಕೊಂಡರೆ ಮುಗಿಯಿತು.

ಆಡುವ ವಿಧಾನ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮೂವರು ಆಟಗಾರರು ತಲಾ ತಮ್ಮ ಪರವಾಗಿ ಒಂದೇ ಗೋಲ್‌ನೊಳಗೆ ಹೊಡೆಯುವ ‘ಒನ್ಸ್’ ವಿಧಾನದಲ್ಲಿ ಪಾಸ್ ಕೊಡಲು ಯಾರೂ ಇರುವುದಿಲ್ಲವಾದ್ದರಿಂದ ಪ್ಲೇಮೇಕರ್‌ಗೆ ಅಲ್ಲಿ ಕೆಲಸವಿಲ್ಲ. ಮೇಲೆ ಬೈಸಿಕೊಂಡ ಡ್ಯಾಂಗ್ಲರ್ ಅಲ್ಲಿ ರಾಜ. ಮೂವರ ಎದುರು ಮೂವರು ಆಡುವಾಗ ಅಂಗಣ ವಿಶಾಲವಾಗಿ ಕಾಣುತ್ತದೆ, ವೇಗಕ್ಕೆ ಬೆಲೆ ಏರುತ್ತದೆ, ಗೋಲಿನ ಬಾಯಲ್ಲಿ ಕಾದು ನಿಲ್ಲುವ ಪವರ್ ಫಾರ್ವರ್ಡ್ ಹಿಂದಕ್ಕೆ ಓಡುವಷ್ಟರಲ್ಲಿ ಎದುರಾಳಿ ಗೋಲ್ ಹೊಡೆದಿರುತ್ತಾನೆ. ಗೋಲಿಯೂ ಸೇರಿ ಆರಾರು ಮಂದಿಯ ಪೂರ್ಣ ಆಟದಲ್ಲಿ ಮಾತ್ರ ಗ್ರೈಂಡರ್‌ನಂಥವರ ಮಹತ್ವ ತಿಳಿಯುವುದು.

ಇನ್ನೊಂದು ಮಾತು ಇಂಟರ್‌ನೆಟ್ ಸಂಪರ್ಕದ ಕುರಿತು. ಸರ್ವರ್ ದೂರವಿದ್ದರೆ, ಕಂಟ್ರೋಲರ್ ಒತ್ತಿದ್ದಕ್ಕೂ ಪರದೆಯ ಮೇಲೆ ಆಟಗಾರ ಅಲುಗಿದ್ದಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ಅಂತರ ಬೀಳುತ್ತದೆ. ಪಕ್ ಕುಣಿಸುವುದು, ಫೇಸ್-ಆಫ್ ಗೆಲ್ಲುವುದು, ಓಡುತ್ತಿರುವವನಿಂದ ಸ್ಟಿಕ್ ಚಾಚಿ ಕಸಿಯುವುದು, ಇವೆಲ್ಲ ಗಳಿಗೆಯ ಲೆಕ್ಕದ ಕೆಲಸಗಳಾದ್ದರಿಂದ ಆ ಅಂತರ ಅವನ್ನೇ ಮೊದಲು ಕೆಡಿಸುತ್ತದೆ. ಸರಿಯಾದ ಜಾಗದಲ್ಲಿ ಮೊದಲೇ ಹೋಗಿ ನಿಲ್ಲುವ ಆಟಕ್ಕೆ ಅದರ ಪೆಟ್ಟು ಕಡಿಮೆ. ಸಂಪರ್ಕ ನಿಧಾನವಿರುವವರು ಡ್ಯಾಂಗ್ಲರ್ ಆಗಿ ಹೆಣಗುವುದಕ್ಕಿಂತ ಎತ್ತರದ ರಕ್ಷಕ ಡಿಫೆನ್ಸ್‌ಮನ್ ಆಗಿ ಆಡಿ ನೋಡಬಹುದು.

ಕ್ಲಾಸ್ ಹೊಂದುತ್ತದೆಯೇ ಎಂದು ತಿಳಿಯುವುದಕ್ಕೆ ಗೋಲುಗಳನ್ನು ಎಣಿಸಿದರೆ ಪ್ರಯೋಜನವಿಲ್ಲ. ನಾಲ್ಕು ಪಂದ್ಯಗಳ ಗೋಲುಗಳಲ್ಲಿ ಅದೃಷ್ಟದ ಪಾಲೇ ದೊಡ್ಡದು. ಪಕ್ ಹೇಗೆ ಕಳೆದುಕೊಂಡೆ ಎಂಬುದನ್ನು ಎಣಿಸಬೇಕು. ಒಂದೇ ಕ್ಲಾಸಿನಲ್ಲಿ, ಒಂದೇ ಜಾಗದಲ್ಲಿ ಹತ್ತು ಪಂದ್ಯ ಆಡಿ, ಪಕ್ ಕೈತಪ್ಪಿದಾಗಲೆಲ್ಲ ಕಾರಣವನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೆ: ಡಿಕ್ಕಿಗೆ ಬಿದ್ದದ್ದು, ಸ್ಟಿಕ್ಕಿನಿಂದ ಕಸಿಸಿಕೊಂಡದ್ದು, ಪಾಸ್ ಎದುರಾಳಿಗೆ ಸಿಕ್ಕಿದ್ದು. ಡಿಕ್ಕಿಯೇ ಹೆಚ್ಚಾಗಿದ್ದರೆ ತೂಕ ಸಾಲದು, ಇಲ್ಲವೇ ಗೋಡೆಯ ಪಕ್ಕ ಅನಗತ್ಯವಾಗಿ ಹೋಗುತ್ತಿದ್ದೇವೆ. ಕಸಿಯುವುದೇ ಹೆಚ್ಚಾಗಿದ್ದರೆ ಪಕ್ಕನ್ನು ಬಹಳ ಹೊತ್ತು ಇಟ್ಟುಕೊಳ್ಳುತ್ತಿದ್ದೇವೆ. ನನ್ನ ಹಾಳೆಯಲ್ಲಿ ಮೊದಲ ಹತ್ತು ಪಂದ್ಯಗಳಿಗೆ ಅತಿ ಉದ್ದವಾಗಿದ್ದ ಸಾಲು ಮೂರನೆಯದು, ತಪ್ಪಿದ ಪಾಸ್‌ಗಳದ್ದು. ಪಾಸ್ ಅಂಕಿ ಕಡಿಮೆಯಿರುವ ಸ್ನೈಪರ್ ಆಗಿದ್ದುಕೊಂಡು ನಾನು ಮಾಡುತ್ತಿದ್ದುದು ಪ್ಲೇಮೇಕರ್‌ನ ಕೆಲಸವನ್ನು. ಕ್ಲಾಸ್ ಬದಲಿಸಿದ ಮೇಲೆ ಆ ಸಾಲು ಸುಮಾರು ಅರ್ಧಕ್ಕೆ ಇಳಿಯಿತು. ಉಳಿದ ಅರ್ಧಕ್ಕೆ ಯಾವ ಕ್ಲಾಸೂ ಹೊಣೆಯಲ್ಲ, ಅವಸರದ ನನ್ನ ಹೆಬ್ಬೆರಳೇ ಹೊಣೆ.

ಗೇಮ್ ಒಂದಕ್ಕಿಂತ ಹೆಚ್ಚು ಸಿದ್ಧ ಆಟಗಾರರನ್ನು ಉಳಿಸಿಟ್ಟುಕೊಳ್ಳಲು ಅವಕಾಶ ಕೊಡುವುದರಿಂದ ಒಂದೇ ಕ್ಲಾಸಿಗೆ ಜೋತುಬೀಳುವ ಅಗತ್ಯವಿಲ್ಲ. ನಾನೀಗ ಇಟ್ಟುಕೊಂಡಿರುವುದು ಎರಡನ್ನು: ಎಡಗಡೆ ಹೊಡೆತದ ಒಬ್ಬ ಪ್ಲೇಮೇಕರ್, ಫೇಸ್-ಆಫ್‌ನಲ್ಲಿ ಪಳಗಿದ ಒಬ್ಬ ಟೂ-ವೇ ಸೆಂಟರ್. ಪಂದ್ಯಕ್ಕೆ ಮುಂಚಿನ ಲಾಬಿಯಲ್ಲಿ ಉಳಿದವರು ಯಾವ ಕ್ಲಾಸ್ ತಂದಿದ್ದಾರೆಂಬುದು ಕಾಣಿಸುತ್ತದೆ. ಹಾಗಾಗಿ ಆತುರಪಡದೆ, ಉಳಿದವರೆಲ್ಲ ಆರಿಸಿ ಮುಗಿಸುವವರೆಗೆ ಕಾಯುತ್ತೇನೆ. ಮೊನ್ನೆಯೂ ಒಬ್ಬರ ಹಿಂದೊಬ್ಬರಂತೆ ಮೂವರು ಸ್ನೈಪರ್ ಒತ್ತಿದರು. ಸೆಂಟರ್ ಜಾಗ ಖಾಲಿ ಉಳಿಯಿತು. ನಾನು ಪ್ಲೇಮೇಕರ್ ಮೇಲಿದ್ದ ಗುರುತನ್ನು ಕೆಳಗಿಳಿಸಿ ಟೂ-ವೇ ಸೆಂಟರ್‌ನನ್ನು ಒತ್ತಿ ರೆಡಿ ಎಂದೆ. ಮೊದಲ ಫೇಸ್-ಆಫ್‌ನಲ್ಲಿ ಪಕ್ ನೇರವಾಗಿ ನಮ್ಮ ಡಿಫೆನ್ಸ್‌ಮನ್‌ನ ಸ್ಟಿಕ್ಕಿಗೆ ಹೋಯಿತು.